ದೂರದ ಕಾಲ್ನಡಿಗೆಗೆ ಮಡಚಿ ಒಯ್ಯುವ ಹಗುರ ಬಂದೂಕು: ಯಾವುದು, ಯಾತಕ್ಕೆ?

ಗಡದ ನಡಿಗೆಗಾರ, ಬೆಳಗಾವಿ

ಎಲ್ಲರಿಗೂ ಶರಣು. ಮುಂದಿನ ಜುಲೈನಲ್ಲಿ ನಾನು ಮತ್ತು ನನ್ನ ಭಾವನವರು ಅಮೆರಿಕದ ಅಲಾಸ್ಕಾದ ಬ್ರೂಕ್ಸ್ ಪರ್ವತ ಶ್ರೇಣಿಯಲ್ಲಿ, ಗೇಟ್ಸ್ ಆಫ್ ದಿ ಆರ್ಕ್‌ಟಿಕ್ ರಾಷ್ಟ್ರೀಯ ಉದ್ಯಾನದೊಳಗೆ, 24 ದಿನ ನಡೆಯಬೇಕೆಂದು ನಿಶ್ಚಯಿಸಿದ್ದೇವೆ. ಅಲ್ಲಿ ರಸ್ತೆಯಿಲ್ಲ, ಕಾಲುದಾರಿಯೂ ಇಲ್ಲ. ಪುಟ್ಟ ವಿಮಾನವೊಂದು ನಮ್ಮನ್ನು ಕೆರೆಯ ಮೇಲೆ ಇಳಿಸಿ ಹೋಗುತ್ತದೆ, ಹನ್ನೆರಡನೆಯ ದಿನ ಮತ್ತೊಂದು ಕೆರೆಗೆ ದಿನಸಿ ತಂದುಕೊಡುತ್ತದೆ. ನಡುವೆ ಏನಾದರೂ ನಮ್ಮ ನಮ್ಮ ಹೊಣೆ.

ಕಂದು ಕರಡಿಗಳ ನಾಡಾದ್ದರಿಂದಲೂ, ವಿಮಾನ ಬರುವುದು ತಡವಾದರೆ ಊಟಕ್ಕೊಂದು ದಾರಿ ಇರಬೇಕೆಂಬುದರಿಂದಲೂ, ಬಿಚ್ಚಿ ಚೀಲದಲ್ಲಿ ಇಡಬಹುದಾದ ಹಗುರ ಬಂದೂಕನ್ನು ಒಯ್ಯುವ ಯೋಚನೆ ನನಗಿದೆ. ಹೆನ್ರಿ ಕಂಪನಿಯ ಎಆರ್-7 ಎಂಬ ಪಾಯಿಂಟ್ 22 (ಸಣ್ಣ ಗುಂಡಿನ) ರೈಫಲ್ ಮೇಲೆ ಕಣ್ಣು ಬಿದ್ದಿದೆ. ನಳಿಗೆ, ಮ್ಯಾಗಝಿನ್ (ತೋಟಾ ತುಂಬುವ ಡಬ್ಬಿ) ಎಲ್ಲವೂ ಅದರ ಪ್ಲಾಸ್ಟಿಕ್ ಬಟ್ಟಿನೊಳಗೇ, ಎಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗದೊಳಗೇ ಕೂತು, ಇಡಿಯಾಗಿ 16.5 ಅಂಗುಲದ ಗಂಟಾಗುತ್ತದೆ. ತೂಕ ಸುಮಾರು 1.6 ಕಿಲೋ. ಭಾವ ಅಲ್ಲಿಯ ಪೌರತ್ವ ಪಡೆದವರಾದ್ದರಿಂದ ಅವರ ಹೆಸರಿನಲ್ಲಿ ಕೊಂಡು, ಇಬ್ಬರೂ ದಿನ ಬಿಟ್ಟು ದಿನ ಹೊರುವುದೆಂದು ಮಾತಾಗಿದೆ. ಕಾಲೇಜಿನಲ್ಲಿ ಎನ್‌ಸಿಸಿ ಕ್ಯಾಂಪಿನಲ್ಲಿ ಮಲಗಿಕೊಂಡು ಪಾಯಿಂಟ್ 22ರಿಂದ ಐದು ಗುಂಡು ಹಾರಿಸಿದ್ದು ಬಿಟ್ಟರೆ ನನಗೆ ಬೇರೆ ಅನುಭವವಿಲ್ಲ. ತಿಳಿದವರು ತಿದ್ದಬೇಕು.

ನಿವೃತ್ತ ಸುಬೇದಾರ, ಗೋಕಾಕ

ತಮ್ಮಾ, ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡು. ಈ ಬಂದೂಕು ಊಟಕ್ಕೋ, ಕರಡಿಗೋ? ನೀನು ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿರುವೆ. ನನಗೆ ತಿಳಿದ ಮಟ್ಟಿಗೆ ಆ ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡುವ ಹಗುರ ಬಂದೂಕನ್ನು ಇನ್ನೂ ಯಾರೂ ಮಾಡಿಲ್ಲ.

ಇಂಥ ಬಿಚ್ಚುವ ಬಂದೂಕುಗಳ ಹುಟ್ಟು ತಿಳಿದರೆ ಇದು ಅರ್ಥವಾಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವಾಯುಪಡೆಯು, ಜನವಸತಿಯಿಲ್ಲದ ಕಡೆ ವಿಮಾನ ಬಿದ್ದರೆ ಪೈಲಟ್ ಕೆಲವು ದಿನ ಬದುಕಿರಲೆಂದು ಆಸನದ ಕೆಳಗಿನ ಪೆಟ್ಟಿಗೆಯಲ್ಲಿ ಇಡಲು ಇವನ್ನು ಮಾಡಿಸಿತು. ಎಂ-6 ಎಂಬುದಕ್ಕೆ ಮೇಲೊಂದು ಕೆಳಗೊಂದು ನಳಿಗೆ: ಮೇಲಿನದು ಪಾಯಿಂಟ್ 22 ಹಾರ್ನೆಟ್ ಎಂಬ ರೈಫಲ್ ತೋಟಾಕ್ಕೆ, ಕೆಳಗಿನದು ಪಾಯಿಂಟ್ 410 ಎಂಬ ಸಣ್ಣ ಬೋರಿನ ಛರ್ರಾ ತೋಟಾಕ್ಕೆ. ಚಳಿಗೆ ದಪ್ಪ ಕೈಗವಸು ತೊಟ್ಟವನೂ ಹಿಡಿದೊತ್ತಲೆಂದು ಅದಕ್ಕೆ ಟ್ರಿಗರ್ ಬದಲು ಉದ್ದನೆಯ ಪಟ್ಟಿಯೊಂದನ್ನು ಇಟ್ಟಿದ್ದರು. ಬಟ್ಟಿನೊಳಗೆ ಒಂಬತ್ತು ಹಾರ್ನೆಟ್, ನಾಲ್ಕು 410 ತೋಟಾ ಹಿಡಿಯುತ್ತಿದ್ದವು, ಅಷ್ಟೇ. ಅನಂತರ ಆರ್ಮಲೈಟ್ ಕಂಪನಿಯ ಎಆರ್-5 ಅನ್ನು 1956ರಲ್ಲಿ ಎಂಎ-1 ಎಂಬ ಹೆಸರಿನಿಂದ ಒಪ್ಪಿಕೊಂಡರು. ಆ ಕಂಪನಿಯ ಯುಜೀನ್ ಸ್ಟೋನರ್ ಅದೇ ಮಾದರಿಯನ್ನು ನಾಗರಿಕರಿಗೆಂದು ಪಾಯಿಂಟ್ 22ರ ಸಾಮಾನ್ಯ ಸಣ್ಣ ತೋಟಾಕ್ಕೆ ಇಳಿಸಿದ್ದೇ ನೀನು ಮೆಚ್ಚಿರುವ ಎಆರ್-7. ಅದು 1959ರ ಸರಕು.

ರಷ್ಯನ್ನರ ಕಥೆಯೂ ಇಂಥದ್ದೇ. 1965ರ ಮಾರ್ಚಿನಲ್ಲಿ ವೊಸ್ಖೋದ್-2 ಅಂತರಿಕ್ಷ ನೌಕೆ ಗುರಿ ತಪ್ಪಿ ಉರಲ್ ಸೀಮೆಯ ಹಿಮದ ಕಾಡಿನಲ್ಲಿಳಿದು, ಅದರಲ್ಲಿದ್ದ ಗಗನಯಾತ್ರಿಗಳಾದ ಲಿಯೊನೊವ್ ಮತ್ತು ಬೆಲ್ಯಾಯೆವ್ ಎರಡು ರಾತ್ರಿ ಅಲ್ಲಿಯೇ ಕಳೆದರು. ಆ ಅನುಭವದಿಂದಲೇ ಮುಂದೆ ಗಗನಯಾತ್ರಿಗಳಿಗೆ ಟಿಪಿ-82 ಎಂಬ ಮೂರು ನಳಿಗೆಯ ಪಿಸ್ತೂಲು ಬಂತು. ಅದರ ಬಟ್ಟನ್ನು ಬಿಚ್ಚಿದರೆ ಮಚ್ಚು!

ಇವೆಲ್ಲ ಒಂದೆಡೆ ಬಿದ್ದು, ಹುಡುಕಿ ಬರುವವರ ದಾರಿ ಕಾಯುವವರ ಸಾಮಾನು. ಅವನ್ನು ಯಾರೂ 24 ದಿನ ಬೆನ್ನ ಮೇಲೆ ಹೊತ್ತವರಲ್ಲ. ನೀನು ಹೊರುವವನು.

ಜಮಖಂಡಿಯಿಂದ ಆಂಕರೇಜ್‌ಗೆ

ನಾನು ಹುಟ್ಟಿದ್ದು ಜಮಖಂಡಿಯಲ್ಲಿ, ಈಗ ಅಲಾಸ್ಕಾದಲ್ಲಿ ಒಂಬತ್ತನೆಯ ಚಳಿಗಾಲ ಕಳೆಯುತ್ತಿದ್ದೇನೆ. ಸುಬೇದಾರ್ ಕಾಕಾ ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ನಾನು ಕಣ್ಣಾರೆ ಕಂಡಿದ್ದನ್ನು ಮಾತ್ರ ಸೇರಿಸುತ್ತೇನೆ.

ನಮ್ಮ ನೆರೆಯವರ ಬಳಿ ಎಆರ್-7 ಇದೆ. ಒಮ್ಮೆ ಸೆಪ್ಟೆಂಬರಿನಲ್ಲಿ ಹೊಳೆಯ ದಂಡೆಯ ಮೇಲೆ, ಜಿಟಿಜಿಟಿ ಮಳೆಯಲ್ಲಿ, ಅದನ್ನು ಜೋಡಿಸಲು ನನ್ನ ಕೈಗೆ ಕೊಟ್ಟರು. ಬಟ್ಟಿನ ಹಿಂದಿನ ರಬ್ಬರ್ ಮುಚ್ಚಳ ಕಿತ್ತು, ಒಳಗಿನಿಂದ ಯಂತ್ರಭಾಗ ತೆಗೆದು, ಹಿಡಿಕೆಯ ಕೆಳಗಿನ ತಿರುಪಿನಿಂದ ಬಿಗಿದು, ನಳಿಗೆಯ ಸಣ್ಣ ಗುಬುಟನ್ನು ಯಂತ್ರಭಾಗದ ಸೀಳಿನಲ್ಲಿ ಕೂರಿಸಿ, ನಟ್ಟನ್ನು ಕೈಯಿಂದ ತಿರುಗಿಸಬೇಕು. ಮನೆಯಲ್ಲಿ ಒಂದು ನಿಮಿಷದ ಕೆಲಸ. ಅಲ್ಲಿ ಬೆರಳು ಮರಗಟ್ಟಿದ್ದರಿಂದ ನಟ್ಟು ಎರಡು ಸಲ ಓರೆಯಾಗಿ ಹತ್ತಿತು, ಮ್ಯಾಗಝಿನ್ ಮರಳಿನಲ್ಲಿ ಬಿತ್ತು. ಎಲ್ಲ ಮುಗಿಸಿ ಡಬ್ಬಿಯೊಂದಕ್ಕೆ ಗುರಿಯಿಟ್ಟರೆ ಮೂರನೆಯ ಗುಂಡಿಗೇ ತೋಟಾ ಓರೆಯಾಗಿ ಸಿಕ್ಕಿಕೊಂಡಿತು. ಆ ರೈಫಲ್ ತೋಟಾದ ವಿಷಯದಲ್ಲಿ ಬಲು ಚೊಕ್ಕಾಚಾರದ್ದು: ದುಂಡು ಮೂತಿಯ, ವೇಗ ಹೆಚ್ಚಿನ ತೋಟಾ ಹಾಕಿದರೆ ಸುಖವಾಗಿ ನಡೆಯುತ್ತದೆ, ಕಳಪೆಯದಕ್ಕೆ ಮುನಿಸಿಕೊಳ್ಳುತ್ತದೆ. ನೀರಿಗೆ ಬಿದ್ದರೆ ತೇಲುತ್ತದೆ ಎಂಬುದು ನಿಜ, ಅದನ್ನೂ ನೋಡಿದ್ದೇನೆ.

ಪಾಯಿಂಟ್ 22ರ ಆಸೆ ಬಿಡಲಾಗದಿದ್ದರೆ ನನ್ನ ಆಯ್ಕೆ ರೂಗರ್ 10/22 ಟೇಕ್‌ಡೌನ್. 2012ರಲ್ಲಿ ಬಂದದ್ದು, ಎರಡು ತುಂಡಾಗುತ್ತದೆ, ತಿರುವಿದರೆ ಕೂಡುತ್ತದೆ, ಹತ್ತು ಗುಂಡು ಹಿಡಿಯುತ್ತದೆ, ಗುರಿಯೂ ನೆಟ್ಟಗೆ. ಆದರೆ 2.1 ಕಿಲೋ. ತೂಕವೇ ಮುಖ್ಯವೆಂದರೆ ಕಿಯಾಪ್ಪಾ ಕಂಪನಿಯ ಲಿಟಲ್ ಬ್ಯಾಡ್ಜರ್ 1.3 ಕಿಲೋ, ಒಂದೊಂದೇ ತೋಟಾ, ನಡುವಿಗೆ ಮಡಚುತ್ತದೆ, ಬಟ್ಟಿನ ಜಾಗದಲ್ಲಿ ಬರೀ ತಂತಿಯ ಚೌಕಟ್ಟು. ಕೆನ್ನೆಗೆ ತಂತಿ ಒತ್ತುತ್ತದೆ ಎಂಬುದು ಬಿಟ್ಟರೆ ಕೆಡಲು ಅದರಲ್ಲಿ ಏನೂ ಇಲ್ಲ.

ಇವುಗಳಲ್ಲಿ ಯಾವುದನ್ನೂ ಕಂದು ಕರಡಿಯ ಮುಂದೆ ಎತ್ತಬೇಡಿ. ಪಾಯಿಂಟ್ 22ರ ಗುಂಡು ಹೊತ್ತೊಯ್ಯುವ ಶಕ್ತಿ ಸಾಮಾನ್ಯವಾಗಿ 200 ಜೂಲ್‌ಗಿಂತ ಕಡಿಮೆ. ದಪ್ಪ ನಳಿಗೆಯ ಹನ್ನೆರಡು ಬೋರ್ ಬಂದೂಕಿನ ಒಂಟಿ ಸೀಸದ ಗುಂಡಿನದು 3000 ಜೂಲ್ ದಾಟುತ್ತದೆ. ಗಾಯಗೊಂಡ ಕರಡಿ ಗಾಯವಿಲ್ಲದ ಕರಡಿಗಿಂತ ಕೆಟ್ಟದ್ದು.

ಗಡದ ನಡಿಗೆಗಾರ, ಬೆಳಗಾವಿ

ಇಬ್ಬರಿಗೂ ಋಣಿ. ಹಾಗಾದರೆ ಊಟದ ಮಾತನ್ನು ಬದಿಗಿಟ್ಟು ಕರಡಿಗೆಂದೇ ಒಂದನ್ನು ಆರಿಸುವುದಾದರೆ ಯಾವುದು? ಹನ್ನೆರಡು ಬೋರೇ? ಅಥವಾ ದೊಡ್ಡ ರಿವಾಲ್ವರೇ?

ನಿವೃತ್ತ ಸುಬೇದಾರ, ಗೋಕಾಕ

ಹನ್ನೆರಡು ಬೋರಿನ ಪಂಪ್ ಬಂದೂಕು ಮೂರು ಕಿಲೋಗಿಂತ ಮೇಲೆ. ಒಂದು ತೋಟಾ 45ರಿಂದ 50 ಗ್ರಾಂ. ಪಾಯಿಂಟ್ 22ರ ತೋಟಾ ಬರೀ ಮೂರೂವರೆ ಗ್ರಾಂನಷ್ಟು, ಹಾಗಾಗಿ ಹನ್ನೆರಡು ಬೋರಿನ ಏಳೆಂಟು ತೋಟಾ ತೂಗುವ ತೂಕದಲ್ಲಿ ಪಾಯಿಂಟ್ 22ರ ನೂರು ತೋಟಾ ಬರುತ್ತವೆ. ಆಶ್ಚರ್ಯವೆಂದರೆ ಕರಡಿಯ ಎದುರು ಆ ನೂರಕ್ಕಿಂತ ಈ ಎಂಟೇ ಮೇಲು.

ರಿವಾಲ್ವರಿಗೆ ಬಂದರೆ, ಸ್ಮಿತ್ ಅಂಡ್ ವೆಸನ್ 329ಪಿಡಿ ಎಂಬ ಪಾಯಿಂಟ್ 44 ಮ್ಯಾಗ್ನಂ ಕೇವಲ 715 ಗ್ರಾಂ ಇದೆ. ಓದಿ ಬಾಯಲ್ಲಿ ನೀರೂರಬೇಡ. ಅಷ್ಟು ಹಗುರದ ಲೋಹದಿಂದ ಅಷ್ಟು ಬಲದ ಗುಂಡು ಹೊರಟರೆ ಹಿಂದೊದೆತವನ್ನು ತಡೆಯುವುದು ನಿನ್ನ ಮಣಿಕಟ್ಟೇ. ಐದು ಗುಂಡಿನ ನಂತರ ಆರನೆಯದಕ್ಕೆ ಕಣ್ಣು ತಾನಾಗಿ ಮುಚ್ಚುತ್ತದೆ, ಆ ಮುಚ್ಚುವ ಅಭ್ಯಾಸ ಹೋಗಲು ತಿಂಗಳುಗಟ್ಟಲೆ ಬೇಕು. ಗ್ರೀನ್‌ಲ್ಯಾಂಡಿನ ಉತ್ತರದಲ್ಲಿ ನಾಯಿಬಂಡಿಯ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯವರು ಹಿಮಕರಡಿಗಾಗಿ 10 ಮಿ.ಮೀ. ಗ್ಲಾಕ್ 20 ಪಿಸ್ತೂಲು ಇಟ್ಟುಕೊಂಡಿದ್ದಾರೆ. ತುಂಬಿದರೆ ಒಂದು ಕಿಲೋ ಮೇಲಾಗುತ್ತದೆ. ಅವರೂ ಅದರ ಜೊತೆಗೆ ಹಳೆಯ ಎಂ1917 ರೈಫಲನ್ನು ಬಹುಕಾಲ ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸು.

ನನ್ನ ಅಭಿಪ್ರಾಯ ನೇರ. ಬಂದೂಕು ಒಯ್ಯುವುದಾದರೆ ಹನ್ನೆರಡು ಬೋರ್, ಅದನ್ನು ಚೀಲದೊಳಗೆ ಬಿಚ್ಚಿ ಇಡದೆ ಕೈಗೆಟಕುವಂತೆ ಹೊರಬೇಕು, ಹೊರುವವನು ಕನಿಷ್ಠ ಇನ್ನೂರು ಗುಂಡು ಹಾರಿಸಿ ಪಳಗಿದವನಾಗಿರಬೇಕು. ಎನ್‌ಸಿಸಿಯ ಐದು ಗುಂಡು ಲೆಕ್ಕಕ್ಕಿಲ್ಲ.

ವಕೀಲ, ಬಾಗಲಕೋಟೆ

ಮೇಲಿನವರೆಲ್ಲ ಕಬ್ಬಿಣದ ತೂಕ ಹೇಳಿದ್ದಾರೆ, ನಾನು ಕಾಗದದ ತೂಕ ಹೇಳುತ್ತೇನೆ. "ದಿನ ಬಿಟ್ಟು ದಿನ ಹೊರುವುದು" ಎಂಬ ನಿಮ್ಮ ಮಾತು ಓದಿ ಗಾಬರಿಯಾದೆ. ಅಮೆರಿಕದ ಕೇಂದ್ರ ಕಾನೂನಿನಂತೆ, ವಲಸೆಯೇತರ (ಪ್ರವಾಸ ಮುಂತಾದವುಗಳ) ವೀಸಾದ ಮೇಲೆ ಬಂದ ವಿದೇಶಿಯು ಬಂದೂಕನ್ನಾಗಲಿ ತೋಟಾವನ್ನಾಗಲಿ ತನ್ನ ವಶದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಕೊಂಡವರು ಭಾವನವರೇ ಆಗಿದ್ದರೂ ನಿಮ್ಮ ಹೆಗಲ ಮೇಲೆ ಬಂದ ದಿನ ಅದು ನಿಮ್ಮ ವಶ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ಬಳಸುವುದು ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಅದಿಲ್ಲದೆ ಮುಟ್ಟಬೇಡಿ.

ಎರಡನೆಯದು, ನೀವು ಹೋಗುವ ಜಾಗ. ಗೇಟ್ಸ್ ಆಫ್ ದಿ ಆರ್ಕ್‌ಟಿಕ್‌ನಲ್ಲಿ ಉದ್ಯಾನವೆಂದು ಗುರುತಿಸಿದ ಭಾಗ ಬೇರೆ, ಅದಕ್ಕೆ ಅಂಟಿದ ಸಂರಕ್ಷಿತ ಭಾಗ ಬೇರೆ. ಉದ್ಯಾನದ ಭಾಗದಲ್ಲಿ ಹೊಟ್ಟೆಪಾಡಿನ ಬೇಟೆಗೆ ಅರ್ಹರಾದ ಸ್ಥಳೀಯ ನಿವಾಸಿಗಳ ಹೊರತು ಬೇರೆಯವರು ಬೇಟೆಯಾಡುವಂತಿಲ್ಲ. ಆತ್ಮರಕ್ಷಣೆಗೆ ಬಂದೂಕು ಒಯ್ಯಬಹುದು, ಮೊಲ ಹೊಡೆಯಲಾಗದು. ನೀವು ಎಣಿಸಿದ ಊಟದ ದಾರಿ ಅಲ್ಲಿಗೇ ಮುಚ್ಚಿತು.

ಮೂರನೆಯದು, ಆತ್ಮರಕ್ಷಣೆಗೆಂದು ಕರಡಿಯನ್ನು ಕೊಂದರೂ ಅಲಾಸ್ಕಾದ ನಿಯಮ ನಿಮ್ಮನ್ನು ಬಿಡುವುದಿಲ್ಲ. ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆ ಬಿಡಿಸಿ, ಎರಡನ್ನೂ ರಾಜ್ಯ ಸರಕಾರಕ್ಕೆ ಒಪ್ಪಿಸಿ ವರದಿ ಬರೆದುಕೊಡಬೇಕು.

ಜಮಖಂಡಿಯಿಂದ ಆಂಕರೇಜ್‌ಗೆ

ವಕೀಲ ಸಾಹೇಬರು ಹೇಳಿದ ಮೂರನೆಯ ಮಾತಿನ ತೂಕ ಇಲ್ಲಿದ್ದವರಿಗೇ ಗೊತ್ತು. ಹಸಿ ಕರಡಿಯ ಚರ್ಮ ಮತ್ತು ತಲೆ ಇಬ್ಬರು ಹೊರುವ ಹೊರೆ.

ನಾನು ಹೇಳದೆ ಉಳಿಸಿಕೊಂಡಿದ್ದ ಮಾತು ಸ್ಪ್ರೇಯದು. ಕರಡಿಗೆಂದೇ ಮಾಡಿದ ಮೆಣಸಿನ ಸ್ಪ್ರೇ ಡಬ್ಬಿ ಸುಮಾರು 350 ಗ್ರಾಂ, ಒಂಬತ್ತು ಮೀಟರಿನಷ್ಟು ದೂರ ಮೋಡದಂತೆ ಹರಡುತ್ತದೆ. ಅಲಾಸ್ಕಾದಲ್ಲಿ 1985ರಿಂದ 2006ರವರೆಗಿನ ಸ್ಪ್ರೇ ಬಳಸಿದ 83 ಘಟನೆಗಳನ್ನು ಕರಡಿ ಸಂಶೋಧಕರಾದ ಸ್ಮಿತ್, ಹೆರೆರೋ ಮತ್ತು ಜೊತೆಗಾರರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಕಂದು ಕರಡಿಗಳ ವಿಷಯದಲ್ಲಿ ಸ್ಪ್ರೇ ನೂರಕ್ಕೆ 92 ಸಲ ಅವುಗಳ ಉಪಟಳವನ್ನು ನಿಲ್ಲಿಸಿತ್ತು. ಸ್ಪ್ರೇ ಇಟ್ಟುಕೊಂಡಿದ್ದವರಲ್ಲಿ ನೂರಕ್ಕೆ 98 ಮಂದಿಗೆ ಗಾಯವೇ ಆಗಿರಲಿಲ್ಲ. ಅವರೇ 2012ರಲ್ಲಿ ಬಂದೂಕಿನ 269 ಘಟನೆಗಳನ್ನು ನೋಡಿದಾಗ ಕೈಬಂದೂಕು ನೂರಕ್ಕೆ 84, ಉದ್ದ ಬಂದೂಕು ನೂರಕ್ಕೆ 76 ಸಲ ಕರಡಿಯನ್ನು ತಡೆದಿದ್ದವು. ಆದರೆ ಬಂದೂಕು ಹಾರಿಸಿದವರಿಗೂ ಹಾರಿಸದವರಿಗೂ ಆದ ಗಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಿವೃತ್ತ ಸುಬೇದಾರ, ಗೋಕಾಕ

ಆ ಎರಡು ಲೆಕ್ಕಗಳನ್ನು ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಸ್ಪ್ರೇ ಲೆಕ್ಕದಲ್ಲಿ ಬರೀ ಮೂಸುತ್ತ, ಕುತೂಹಲದಿಂದ ಬಂದ ಕರಡಿಗಳೂ ಸೇರಿವೆ. ಬಂದೂಕಿನ ಲೆಕ್ಕದಲ್ಲಿ ಮೇಲೆ ಬಿದ್ದವೇ ಹೆಚ್ಚು. ಎದುರು ಗಾಳಿ ಬೀಸಿದರೆ ನಿಮ್ಮ ಮೆಣಸು ನಿಮ್ಮ ಕಣ್ಣಿಗೇ.

ಜಮಖಂಡಿಯಿಂದ ಆಂಕರೇಜ್‌ಗೆ

ಕಾಕಾ, ಮೊದಲನೆಯದನ್ನು ಒಪ್ಪಿದೆ. ಗಾಳಿಯ ವಿಷಯವನ್ನೂ ಅವರು ನೋಡಿದ್ದಾರೆ: 71 ಘಟನೆಗಳಲ್ಲಿ ಐದರಲ್ಲಿ ಮಾತ್ರ ಗಾಳಿ ಅಡ್ಡಿಯಾಯಿತು, ಆ ಐದರಲ್ಲೂ ಮೆಣಸು ಕರಡಿಯನ್ನು ಮುಟ್ಟಿತ್ತು. ಅಂದಹಾಗೆ, ಇದನ್ನು ನಮ್ಮ ಊರಿನಿಂದ ಒಯ್ಯುವ ಯೋಚನೆ ಬೇಡ. ಕರಡಿ ಸ್ಪ್ರೇಯನ್ನು ದೊಡ್ಡ ವಿಮಾನಗಳಲ್ಲಿ ಕೈಚೀಲದಲ್ಲಾಗಲಿ ಸಾಮಾನಿನಲ್ಲಾಗಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಕೆರೆಗಿಳಿಸುವ ಪುಟ್ಟ ವಿಮಾನದವರೂ ಅದನ್ನು ಒಳಗೆ ಇಟ್ಟುಕೊಳ್ಳದೆ ವಿಮಾನ ನೀರಿನ ಮೇಲೆ ನಿಲ್ಲುವ ತೇಲುಗಾಲಿನ ಒಳಗಿನ ಡಬ್ಬಿಯಲ್ಲಿ ಹಾಕುತ್ತಾರೆ. ಗಾಳಿಯಲ್ಲಿದ್ದಾಗ ಡಬ್ಬಿ ಸೋರಿದರೆ ಪೈಲಟ್‌ನ ಗತಿ ಏನು!

ಗುಮ್ಮಟದ ಹುಡುಗ, ವಿಜಯಪುರ

ದೊಡ್ಡವರ ನಡುವೆ ಸಣ್ಣ ಪ್ರಶ್ನೆ. ಅಲಾಸ್ಕಾ ನಮ್ಮ ಪಾಲಿಗೆ ಕನಸು. ನಾವು ನಾಲ್ವರು ಸ್ನೇಹಿತರು ಜಾಂಬೋಟಿ, ಕಣಕುಂಬಿ, ಚೋರ್ಲಾ ಕಡೆ ಒಂದು ವಾರ ನಡೆಯಬೇಕೆಂದಿದ್ದೇವೆ. ಇಲ್ಲಿ ಇಂಥ ಮಡಚುವ ಬಂದೂಕಿಗೆ ಪರವಾನಗಿ ಸಿಗುತ್ತದೆಯೇ? ಏರ್‌ಗನ್ ಆದರೂ ಒಯ್ಯಬಹುದೇ? ಅಲ್ಲದೆ ಕರಡಿ ಸ್ಪ್ರೇಗೆ ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದರೆ ನಡೆಯುವುದಿಲ್ಲವೇ?

ವಕೀಲ, ಬಾಗಲಕೋಟೆ

ಕಡೆಯ ಪ್ರಶ್ನೆಗೆ ಮೊದಲು ಉತ್ತರ: ಬ್ಯಾಡಗಿಯಿಂದ ಕರಡಿ ಕೆಂಪಾದೀತು, ಓಡಲಿಕ್ಕಿಲ್ಲ. ಅದು ಬಣ್ಣಕ್ಕೆ ಹೆಸರಾದದ್ದು, ಖಾರಕ್ಕೆ ಗುಂಟೂರು.

ಇನ್ನು ಕಾನೂನು. ನಮ್ಮಲ್ಲಿ 1959ರ ಶಸ್ತ್ರ ಕಾಯ್ದೆ, 2016ರ ನಿಯಮಗಳು. ಆತ್ಮರಕ್ಷಣೆಗೆಂದು ಸಾಮಾನ್ಯವಾಗಿ ಪರಿಗಣಿಸುವ ನುಣುಪು (ಒಳಗೆ ಸುರುಳಿಗೆರೆಯಿಲ್ಲದ) ನಳಿಗೆಯ ಬಂದೂಕಿನ ನಳಿಗೆ 20 ಅಂಗುಲಕ್ಕಿಂತ ಕಡಿಮೆ ಇರಬಾರದೆಂದು ಆ ಕಾಯ್ದೆಯ 13ನೆಯ ಕಲಮಿನಲ್ಲೇ ಬರೆದಿದೆ. ಇದ್ದ ನಳಿಗೆಯನ್ನು ಮೊಟಕು ಮಾಡುವುದನ್ನು 6ನೆಯ ಕಲಮು ತಡೆಯುತ್ತದೆ. ಚೀಲದಲ್ಲಿ ಹಿಡಿಯಬೇಕೆಂಬ ನಿಮ್ಮ ಆಸೆಗೂ ಕಾಯ್ದೆಯ ದೃಷ್ಟಿಗೂ ಎಣ್ಣೆ ಸೀಗೆಕಾಯಿ ಸಂಬಂಧ. "ಚಾರಣಕ್ಕೆ" ಎಂದು ಕಾರಣ ಬರೆದು ಅರ್ಜಿ ಕೊಟ್ಟರೆ ಜಿಲ್ಲಾಧಿಕಾರಿಗಳ ಕಚೇರಿಯ ಗುಮಾಸ್ತರು ಚಹಾ ಕುಡಿಸಿ ಕಳಿಸಬಹುದು.

4.5 ಮಿ.ಮೀ. ಮೀರದ, 20 ಜೂಲ್ ಒಳಗಿನ ಏರ್‌ಗನ್‌ಗೆ ಪರವಾನಗಿ ಬೇಡ. ಆದರೆ ಅದರಿಂದ ಕಾಡಿನಲ್ಲಿ ಏನನ್ನು ಹೊಡೆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನೀವು ಹೇಳಿದ ದಾರಿಯ ಪಕ್ಕದಲ್ಲೇ ಭೀಮಗಡ ಅಭಯಾರಣ್ಯವಿದೆ, 2011ರಲ್ಲಿ ಘೋಷಣೆಯಾದದ್ದು. ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಯಾವುದೇ ಆಯುಧ ಒಯ್ಯುವುದನ್ನು ಆ ಕಾಯ್ದೆಯ 31ನೆಯ ಕಲಮು ನಿಷೇಧಿಸುತ್ತದೆ. ಪರವಾನಗಿ ಇದ್ದವರಿಗೂ ಅದು ಅನ್ವಯಿಸುತ್ತದೆ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವ ಕೊಡಗಿನವರ ವಿನಾಯಿತಿಯನ್ನು ಯಾರಾದರೂ ಎತ್ತುವ ಮುನ್ನ ಹೇಳುತ್ತೇನೆ, ಅದು ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಮಾತ್ರ.

ಮಲಪ್ರಭೆಯ ಮೇಲ್ದಂಡೆ, ಖಾನಾಪುರ

ನಮ್ಮ ಕಾಡಿನ ಕರಡಿ ಬೇರೆ ಜಾತಿ. ಅಲಾಸ್ಕಾದ ಕರಡಿ ಬಯಲಿನಲ್ಲಿ ದೂರದಿಂದಲೇ ಕಾಣುತ್ತದೆಂದು ಕೇಳಿದ್ದೇನೆ. ನಮ್ಮದು ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುತ್ತ ಕೂತಿರುತ್ತದೆ, ನಾವು ಸಮೀಪಿಸಿದ್ದು ಅದಕ್ಕೆ ಕೇಳಿಸುವುದೇ ಇಲ್ಲ, ತಲೆ ಎತ್ತಿದಾಗ ನಾಲ್ಕೈದು ಹೆಜ್ಜೆಯ ಅಂತರ. ಅಷ್ಟರಲ್ಲಿ ಜೇಬಿನಿಂದ ಬೀಡಿ ತೆಗೆಯಲೂ ಆಗದು, ಮಡಚಿದ ಬಂದೂಕನ್ನು ಜೋಡಿಸುವುದು ದೂರದ ಮಾತು. ನಮ್ಮ ಊರಿನ ದನಗಾಹಿಗಳು ಕೋಲಿನಿಂದ ಕಲ್ಲಿಗೆ ಬಡಿಯುತ್ತ, ಜೋರಾಗಿ ಮಾತಾಡುತ್ತ ಹೋಗುತ್ತಾರೆ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಪೊದೆಯ ಕಡೆ ಇಳಿಯುವುದಿಲ್ಲ. ವಿಜಯಪುರದ ತಮ್ಮಂದಿರು ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಕರೆದುಕೊಂಡು ಬನ್ನಿ. ಮಳೆಗಾಲದಲ್ಲಾದರೆ ಕರಡಿಗಿಂತ ಮೊದಲು ಜಿಗಣೆ ಹಿಡಿಯುತ್ತದೆ, ಉಪ್ಪಿನ ಗಂಟು ಮರೆಯಬೇಡಿ.

ಮಲ್ಲಯ್ಯನ ಕಂಬಿ, ಇಂಡಿ

ಬಂದೂಕಿನ ಬಗ್ಗೆ ನನಗೆ ಅಕ್ಷರಜ್ಞಾನವಿಲ್ಲ, ಹೊರೆಯ ಬಗ್ಗೆ ಇದೆ. ಯುಗಾದಿಗೆ ಹನ್ನೊಂದು ಸಲ ಶ್ರೀಶೈಲಕ್ಕೆ ನಡೆದುಕೊಂಡು ಹೋಗಿದ್ದೇನೆ. ಕಡೆಯ ಹಂತದಲ್ಲಿ ನಲ್ಲಮಲ ಕಾಡು ದಾಟಿ ಭೀಮನ ಕೊಳ್ಳ ಇಳಿದು ಹತ್ತುವಾಗ, ಮನೆಯಲ್ಲಿ "ಇರಲಿ" ಎಂದು ಹಾಕಿಕೊಂಡ ಒಂದೊಂದು ವಸ್ತುವೂ ನಮ್ಮನ್ನು ಬೈಯುತ್ತದೆ.

ಊಟಕ್ಕೆಂದು ಬಂದೂಕು ಎಂಬ ಮಾತಿಗೆ ನನ್ನ ಲೆಕ್ಕ ಹೀಗಿದೆ. ಎಆರ್-7 ಮತ್ತು ನೂರು ತೋಟಾ ಸೇರಿ ಎರಡು ಕಿಲೋಗೆ ಸ್ವಲ್ಪ ಕಡಿಮೆ. ಅಷ್ಟೇ ತೂಕದ ಹುರಿದ ಶೇಂಗಾದಲ್ಲಿ ಸುಮಾರು 11,000 ಕ್ಯಾಲೊರಿ ಇರುತ್ತದೆ, ಒಬ್ಬ ನಡೆಯುವವನಿಗೆ ಮೂರು ದಿನದ ಪೂರ್ತಿ ಊಟ. ಅರೆಹೊಟ್ಟೆಯಲ್ಲಿ ವಾರ ದೂಡಬಹುದು. ಒಂದು ಕಾಡುಮೊಲ ಸಿಕ್ಕರೂ ಅರ್ಧ ಕಿಲೋ ಮಾಂಸ, 600 ಕ್ಯಾಲೊರಿಯ ಒಳಗೆ, ಅದರಲ್ಲಿ ಕೊಬ್ಬೇ ಇರುವುದಿಲ್ಲ. ಬರೀ ಮೊಲ ತಿಂದು ಬದುಕಲು ಹೋದವರು ಹೊಟ್ಟೆ ತುಂಬ ತಿಂದೂ ಸೊರಗಿದ್ದಾರೆ. ಶೇಂಗಾ ಓಡಿಹೋಗುವುದಿಲ್ಲ, ಅದಕ್ಕೆ ಗುರಿಯೂ ಬೇಡ. ಗೋಕಾಕದವರು ಇಲ್ಲಿರುವುದರಿಂದ ಕರದಂಟಿನ ಹೆಸರು ಹೇಳದಿದ್ದರೆ ತಪ್ಪಾದೀತು, ಆದರೆ ನಾನು ಅಮೀನಗಡದ ಪಕ್ಷ.

ಗಡದ ನಡಿಗೆಗಾರ, ಬೆಳಗಾವಿ

ಎಲ್ಲವನ್ನೂ ಓದಿದ ಮೇಲೆ ರವಿವಾರ ಒಂದು ಪರೀಕ್ಷೆ ಮಾಡಿದೆ. ಮನೆಯ ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 1 ಕಿಲೋ 950 ಗ್ರಾಂ ಮರಳು ತೂಗಿ, ಹಳೆಯ ಪಾಯಜಾಮದ ಕಾಲಿನೊಳಗೆ ತುಂಬಿ ಹೊಲಿದು, 19 ಕಿಲೋದ ಚೀಲಕ್ಕೆ ಸೇರಿಸಿ ಯಳ್ಳೂರಿನ ರಾಜಹಂಸಗಡ ಹತ್ತಿದೆ. ಮೊದಲ ಸುತ್ತು ಮರಳಿನೊಡನೆ, ಎರಡನೆಯದು ಅದನ್ನು ಸಿದ್ಧೇಶ್ವರ ಗುಡಿಯ ಕಟ್ಟೆಯ ಮೇಲಿಟ್ಟು. ದಣಿದ ಎರಡನೆಯ ಸುತ್ತೇ ಹಗುರವೆನಿಸಿತು. ಇಳಿಯುವಾಗ ಮೊಣಕಾಲು ಹೇಳಿದ ಸಾಕ್ಷಿಯನ್ನು ವಕೀಲ ಸಾಹೇಬರೂ ತಳ್ಳಿಹಾಕಲಾರರು.

ಭಾವನೊಡನೆ ಫೋನಿನಲ್ಲಿ ಮಾತಾಡಿದೆ. ಅವರಿಗೆ ಮೊದಲಿನಿಂದಲೂ ಬಂದೂಕಿನ ಮೇಲೆ ಮನಸ್ಸಿರಲಿಲ್ಲವಂತೆ, ನನ್ನ ಉತ್ಸಾಹ ನೋಡಿ ಸುಮ್ಮನಿದ್ದರಂತೆ. ಈಗ ಆದ ತೀರ್ಮಾನ: ಎಆರ್-7 ಇಲ್ಲ. ಇಬ್ಬರಿಗೂ ಎರಡೆರಡು ಸ್ಪ್ರೇ. ಉದ್ಯಾನದವರೇ ಎರವಲು ಕೊಡುವ, ಕರಡಿಗೆ ತೆರೆಯಲಾಗದ ಆಹಾರದ ಡಬ್ಬಿಗಳು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ಒಂದು. ಉಳಿದ ತೂಕಕ್ಕೆ ಇಬ್ಬರ ಪಾಲಿನಲ್ಲೂ ಎರಡು ದಿನದ ಹೆಚ್ಚುವರಿ ಊಟ, ವಿಮಾನ ತಡವಾದರೆ ಎಂದು. ಹನ್ನೆರಡು ಬೋರಿನ ಮಾತು ಇನ್ನೂ ತೆರೆದಿದೆ. ಭಾವ ಚಳಿಗಾಲದಲ್ಲಿ ಗುಂಡು ಹಾರಿಸಿ ಕಲಿಯುವ ರೇಂಜಿಗೆ ಹೋಗಿ ಸುಬೇದಾರ್ ಸಾಹೇಬರ ಇನ್ನೂರು ಗುಂಡು ಮುಗಿಸಿದರೆ ತಾವೇ ಹೊರುತ್ತಾರೆ, ಇಲ್ಲವಾದರೆ ಇಲ್ಲ. ಸ್ಪ್ರೇ ಡಬ್ಬಿಗಳನ್ನು ಚೀಲದ ಮೇಲಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತೇವೆ.

ನಿವೃತ್ತ ಸುಬೇದಾರ, ಗೋಕಾಕ

ಪಟ್ಟಿ ನೋಡಿದೆ, ಕಡೆಯ ಸಾಲು ತಿದ್ದಿಕೋ. ಮೇಲಿನ ಜೇಬಿನಲ್ಲಿಟ್ಟರೆ ಚೀಲ ಇಳಿಸದೆ ಕೈಗೆ ಬಾರದು. ಎದೆಯ ಪಟ್ಟಿಗಾಗಲಿ ಸೊಂಟದ ಪಟ್ಟಿಗಾಗಲಿ ಕಟ್ಟಿ, ಬಲಗೈ ಎಡಗೈ ಯಾವುದರಿಂದಲಾದರೂ ತೆಗೆಯುವುದನ್ನು ರೂಢಿಸಿಕೊಳ್ಳಿರಿ. ಮೆಣಸಿಲ್ಲದ ಅಭ್ಯಾಸದ ಡಬ್ಬಿಗಳು ಅಲ್ಲಿ ಸಿಗುತ್ತವೆ, ಭಾವನವರಿಗೆ ಈಗಲೇ ಒಂದು ಕೊಳ್ಳಲು ಹೇಳು. ನೀನು ಇಲ್ಲಿ ಒಂದು ಖಾಲಿ ಡಿಯೋಡರೆಂಟ್ ಡಬ್ಬಿ ಕಟ್ಟಿಕೊಂಡು ಗಡ ಹತ್ತು. ನಡೆಯುತ್ತಿರುವಾಗಲೇ ತೆಗೆಯಬೇಕು, ನಿಂತು ಅಲ್ಲ.

ಮಲ್ಲಯ್ಯನ ಕಂಬಿ, ಇಂಡಿ

ಶೇಂಗಾ ಹುರಿಸುವಾಗ ಉಪ್ಪು ಹಾಕಿಸಬೇಡಿ, ನೀರಡಿಕೆಯಾಗುತ್ತದೆ.